"ಕೌಂಟ್ ಎಷ್ಟು ಬಂತು?"

ಮಕ್ಕಳ ಕ್ಯಾನ್ಸರ್ ವಾರ್ಡಿನಲ್ಲಿ ಅಪ್ಪ-ಅಮ್ಮಂದಿರು ಒಬ್ಬರನ್ನೊಬ್ಬರು ಕೇಳೋದು ಇದನ್ನೇ: "ಕೌಂಟ್ ಎಷ್ಟು ಬಂತು?"

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರ್ ಎ.ಎಲ್.ಎಲ್.ನ ಚಿಕಿತ್ಸೆ 2ರಿಂದ 3 ವರ್ಷ. ಕೀಮೋ ಕೊಟ್ಟಾಗ ಬಿಳಿ ರಕ್ತಕಣಗಳ ಸಂಖ್ಯೆ, ಅಂದರೆ ಆ "ಕೌಂಟ್", ಇಳಿಯುತ್ತದೆ. ಆಗ ಜ್ವರ ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು, ನಡುರಾತ್ರಿಯಾದರೂ. ಈ ಭಯಕ್ಕೇ ದೂರದ ಊರಿನವರು ಆಸ್ಪತ್ರೆ ಪಕ್ಕ ರೂಮು ಹಿಡಿಯುತ್ತಾರೆ. ಕೂಲಿ ಹೋಯಿತು, ಸಾಲ ಬೆಳೆಯಿತು, ಇನ್ನೊಂದು ಮಗು ಊರಲ್ಲಿ ಅಜ್ಜಿ ಹತ್ತಿರ. ಮೊದಲ ತಿಂಗಳು ಮುಗಿದ ಮೇಲೆ ಮೂಳೆಮಜ್ಜೆ ಪರೀಕ್ಷೆ. ಆ ರಿಪೋರ್ಟ್ ಬರುವವರೆಗೆ ಯಾರಿಗೆ ತಾನೇ ನಿದ್ದೆ?

ಆಸ್ಪತ್ರೆಯಲ್ಲಿರುವ ಮಕ್ಕಳ ತಂದೆತಾಯಿಯ ಅನಿಶ್ಚಿತತೆಯನ್ನು ಅಳೆಯಲು ಅಮೆರಿಕದ ನರ್ಸಿಂಗ್ ಸಂಶೋಧಕಿ ಮರ್ಲ್ ಮಿಶೆಲ್ 1983ರಲ್ಲೇ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಮಾಹಿತಿ ಸಿಗದಿರುವುದು, ಸಿಕ್ಕಿದ್ದು ಅರ್ಥವಾಗದಿರುವುದು ಅದರಲ್ಲಿ ಮುಖ್ಯ ಅಂಶಗಳು. ಅಂದರೆ ಈ ಸಂಕಟದಲ್ಲಿ ಒಂದು ಪಾಲು ಕಾಯಿಲೆಯದ್ದಲ್ಲ. ಅದನ್ನು ಇವತ್ತೇ ಕಡಿಮೆ ಮಾಡಬಹುದು.

ಡಾಕ್ಟರೇ, ರೌಂಡ್ಸ್‌ನಲ್ಲಿ ಎರಡು ನಿಮಿಷ ನಿಂತು ಮುಂದೇನು ಅಂತ ಅವರ ಭಾಷೆಯಲ್ಲಿ ಹೇಳಿ.

ನೆಂಟರೇ, "ಏನೂ ಆಗಲ್ಲ ಬಿಡಿ" ಅನ್ನಬೇಡಿ. ಊಟ ಕಳಿಸಿ. ಶೀತ, ಕೆಮ್ಮು ಇಲ್ಲದಿದ್ದರೆ ಒಂದು ರಾತ್ರಿ ನೀವು ಕಾವಲು ಕೂತು ಆ ತಾಯಿಯನ್ನು ಮಲಗಲು ಕಳಿಸಿ. ಪ್ಲೇಟ್‌ಲೆಟ್ ಬೇಕು ಅಂತ ಫೋನ್ ಬಂದರೆ, ದಯವಿಟ್ಟು ಹೋಗಿ ಕೊಡಿ.