ವಾರ್ಡೋ: ಶುಕ್ರಸಂಕ್ರಮ ಕಂಡ ದ್ವೀಪಪಟ್ಟಣ

ನಾರ್ವೆ ದೇಶದ ಈಶಾನ್ಯದ ತುತ್ತತುದಿಯಲ್ಲಿ, ವರಾಂಗರ್ ಪರ್ಯಾಯದ್ವೀಪದ ಅಂಚಿಗೆ ಬಾರೆಂಟ್ಸ್ ಸಮುದ್ರದಲ್ಲಿರುವ ವಾರ್ಡೋ ಎಂಬ ಪುಟ್ಟ ದ್ವೀಪಪಟ್ಟಣವು ಖಗೋಳವಿಜ್ಞಾನದ ಚರಿತ್ರೆಯಲ್ಲಿ ಸ್ಥಾನ ಪಡೆದದ್ದು ಒಂದೇ ಒಂದು ರಾತ್ರಿಯ ದೆಸೆಯಿಂದ; ಆ ರಾತ್ರಿ ಅಲ್ಲಿ ಬರೆದಿಟ್ಟ ಅಂಕಿಗಳು ಸತ್ಯವೋ ಕೃತಕವೋ ಎಂಬ ವ್ಯಾಜ್ಯವು ತೀರುವುದಕ್ಕೆ ನೂರು ವರ್ಷಗಳಿಗೂ ಮಿಕ್ಕಿದ ಕಾಲ ಹಿಡಿಯಿತು.

ಯೂರೋಪಿನ ಪಶ್ಚಿಮದ ರಾಷ್ಟ್ರವೆಂದು ನಾವು ಎಣಿಸುವ ನಾರ್ವೆಗೆ ಸೇರಿದ್ದರೂ, 31 ಡಿಗ್ರಿ ಪೂರ್ವ ರೇಖಾಂಶದಲ್ಲಿರುವ ಈ ಊರು ಇಸ್ತಾಂಬುಲಿಗಿಂತಲೂ ಪೂರ್ವಕ್ಕಿದೆ. ಅಕ್ಷಾಂಶವು 70 ಡಿಗ್ರಿಯನ್ನು ಮೀರಿರುವುದರಿಂದ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಸೂರ್ಯನು ಮುಳುಗುವುದಿಲ್ಲ. ನವೆಂಬರ್ ಕಡೆಯಿಂದ ಜನವರಿ ನಡುವಿನವರೆಗೆ ಮೂಡುವುದೂ ಇಲ್ಲ. ಎರಡು ಭೂಭಾಗಗಳನ್ನು ಕಿರಿದಾದೊಂದು ನೆಲಪಟ್ಟಿಯು ಜೋಡಿಸಿದಂತಿರುವ ಈ ದ್ವೀಪದಲ್ಲಿ ಕಾಡೆಂಬುದು ಇಲ್ಲವೇ ಇಲ್ಲ. ಆದರೆ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹವು ಇಲ್ಲಿಯವರೆಗೂ ಹರಿದು ಬರುವುದರಿಂದ ಬಂದರು ಹೆಪ್ಪುಗಟ್ಟದೆ ತೆರೆದಿರುತ್ತದೆ. ಊರು ಬದುಕಿದ್ದು ಆ ತೆರೆದ ನೀರಿನ ಮತ್ತು ಅದರ ಮೀನಿನ ಕೃಪೆಯಿಂದ.

ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ಐದನೆಯ ಹೋಕನ್ ದೊರೆಯ ಆಳ್ವಿಕೆಯಲ್ಲಿ ಇಲ್ಲಿ ಕೋಟೆ ಎದ್ದಿತು; 1307ರಲ್ಲಿ ಚರ್ಚಿನ ಪ್ರತಿಷ್ಠೆ ನಡೆಯಿತು. 1553ರಲ್ಲಿ ಈಶಾನ್ಯದ ಜಲಮಾರ್ಗವನ್ನರಸಿ ಹೊರಟ ಇಂಗ್ಲಿಷ್ ನಾವಿಕರು, ಬಿರುಗಾಳಿಗೆ ಸಿಕ್ಕಿ ಚದರಿದರೆ ವಾರ್ಡೋದಲ್ಲಿ ಕೂಡುವುದೆಂದು ಮಾತಾಡಿಕೊಂಡಿದ್ದರು. ರಿಚರ್ಡ್ ಚಾನ್ಸಲರನು ಇಲ್ಲಿಗೆ ಬಂದು ಏಳು ದಿನ ಕಾದು, ಒಬ್ಬನೇ ಮುಂದುವರಿದು ಶ್ವೇತಸಮುದ್ರದ ಮೂಲಕ ಮಾಸ್ಕೋ ನಗರವನ್ನು ಮುಟ್ಟಿದನು. ದಳಪತಿ ವಿಲೋಬಿಯೂ ಅವನ ಸಂಗಡಿಗರೂ ಕೋಲಾ ತೀರದ ಚಳಿಗಾಲದಲ್ಲಿ ಪ್ರಾಣಬಿಟ್ಟರು.

ಅನಂತರದ್ದು ಅಳಿಸಲಾರದ ಕಳಂಕ. 1617ರ ಕ್ರಿಸ್‌ಮಸ್ ಹಬ್ಬದ ಮುನ್ನಾದಿನ ಎದ್ದ ಬಿರುಗಾಳಿಯಲ್ಲಿ ಈ ಕರಾವಳಿಯ ನಲವತ್ತು ಮಂದಿ ಬೆಸ್ತರು ಮುಳುಗಿದರು. ಕೆಲವು ವರ್ಷಗಳೊಳಗೆ ಆ ಬಿರುಗಾಳಿಯನ್ನು ಎಬ್ಬಿಸಿದವರು ಮಾಟಗಾತಿಯರೆಂಬ ಆರೋಪ ಹುಟ್ಟಿತು. ಅವರನ್ನು ತಣ್ಣೀರಿಗೆ ಎಸೆದು, ತೇಲಿದವರನ್ನು ಅಪರಾಧಿಗಳೆಂದು ನಿಶ್ಚಯಿಸಿ, ಸುಡಲಾಯಿತು. ಆ ಶತಮಾನದಲ್ಲಿ ಈ ಊರಿರುವ ಫಿನ್‌ಮಾರ್ಕ್ ಪ್ರಾಂತದಲ್ಲಿ ಹೀಗೆ ವಧೆಯಾದವರು 91 ಮಂದಿ, ಬಹುಪಾಲು ಹೆಂಗಸರು.

ಇಂಥ ಊರಿಗೆ 1768ರ ಅಕ್ಟೋಬರಿನಲ್ಲಿ ವಿಯೆನ್ನಾದಿಂದ ಮಾಕ್ಸಿಮಿಲಿಯನ್ ಹೆಲ್ ಎಂಬ ಜೆಸುಯಿಟ್ ಪಾದ್ರಿಯು ಬಂದಿಳಿದನು. ಅವನು ವಿಯೆನ್ನಾದ ರಾಜವೇಧಶಾಲೆಯ ನಿರ್ದೇಶಕ. ಡೆನ್ಮಾರ್ಕ್–ನಾರ್ವೆಗಳ ಅರಸನಾದ ಏಳನೆಯ ಕ್ರಿಶ್ಚಿಯನ್ನನು ಅವನನ್ನು ಕರೆಯಿಸಿಕೊಂಡಿದ್ದನು. ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯ್ದುಹೋಗುವ ಅವಧಿಯನ್ನು ಭೂಮಿಯ ಉತ್ತರದ ಮತ್ತು ದಕ್ಷಿಣದ ದೂರದ ನೆಲೆಗಳಲ್ಲಿ ಅಳೆದರೆ, ಆ ಅವಧಿಗಳ ಅಂತರದಿಂದ ಸೂರ್ಯನ ದೂರವನ್ನು ಗಣಿಸಬಹುದೆಂದು ಎಡ್ಮಂಡ್ ಹ್ಯಾಲಿಯು ತೋರಿಸಿಕೊಟ್ಟಿದ್ದನು. ದಕ್ಷಿಣದಲ್ಲಿ ಕ್ಯಾಪ್ಟನ್ ಕುಕ್ಕನು ಟಹೀಟಿಯಲ್ಲಿದ್ದನು. ಉತ್ತರದಲ್ಲಿ ಸಂಕ್ರಮದ ಆದಿಯನ್ನೂ ಅಂತ್ಯವನ್ನೂ ಒಂದೇ ಕಡೆ ನೋಡಬೇಕಾದರೆ ನಡುರಾತ್ರಿಯಲ್ಲಿಯೂ ಸೂರ್ಯನಿರುವ ಊರೇ ಆಗಬೇಕಾಗಿದ್ದಿತು.

ಹೆಲ್ಲನೂ ಅವನ ಸಹಾಯಕ ಯಾನೋಶ್ ಶೈನೋವಿಚನೂ ಕತ್ತಲೆಯ ತಿಂಗಳುಗಳನ್ನು ದ್ವೀಪದಲ್ಲಿಯೇ ಕಳೆದು, ವೇಧಶಾಲೆಯನ್ನು ಕಟ್ಟಿಸಿ, 1769ರ ಜೂನ್ 3ರ ರಾತ್ರಿಗಾಗಿ ಕಾದರು. ಆ ರಾತ್ರಿ ಆಕಾಶವು ಮೇಘಾವೃತವಾಗಿದ್ದಿತು. ಆದರೂ ಶುಕ್ರನು ಬಿಂಬವನ್ನು ಪ್ರವೇಶಿಸುವಾಗ ಒಮ್ಮೆ, ನಿರ್ಗಮಿಸುವಾಗ ಮತ್ತೊಮ್ಮೆ ಮೋಡ ಬಿರಿದು ಸೂರ್ಯನು ಕಾಣಿಸಿಕೊಂಡನು. ಅದೇ ಸಂಕ್ರಮಕ್ಕಾಗಿ ವರ್ಷಗಟ್ಟಲೆ ಕಾದು ಪುದುಚೇರಿಯಲ್ಲಿ ದೂರದರ್ಶಕವನ್ನಿಟ್ಟು ನಿಂತಿದ್ದ ಫ್ರೆಂಚ್ ಜ್ಯೋತಿರ್ವಿದ ಲೆ ಜಾಂತಿಗೆ ಮೋಡವು ಏನನ್ನೂ ಕಾಣಗೊಡಲಿಲ್ಲ.

ಅರಸನ ಆಶ್ರಯದಲ್ಲಿ ಮಾಡಿದ ಕಾರ್ಯದ ಫಲವು ಮೊದಲು ಅರಸನ ರಾಜಧಾನಿಯಲ್ಲಿಯೇ ಪ್ರಕಟವಾಗಬೇಕೆಂದು ಹೆಲ್ಲನು ತನ್ನ ಅಂಕಿಗಳನ್ನು ಕೋಪನ್‌ಹೇಗನ್ ತಲಪುವವರೆಗೆ ಯಾರಿಗೂ ಕೊಡದಿದ್ದುದೇ ಅವನಿಗೆ ಮುಳುವಾಯಿತು. ಪ್ಯಾರಿಸ್ಸಿನಲ್ಲಿ ಆ ಅಂಕಿಗಳಿಗಾಗಿ ಕಾದಿದ್ದ ಜ್ಯೋತಿರ್ವಿದ ಲಲಾಂಡನು ಕುಪಿತನಾದನು. ಇತರರ ಅಂಕಿಗಳಿಗೆ ಹೊಂದುವಂತೆ ತನ್ನವನ್ನು ತಿದ್ದಿಕೊಳ್ಳಲೆಂದೇ ಹೆಲ್ಲನು ತಡಮಾಡಿದನೆಂಬ ಗುಸುಗುಸು ಹಬ್ಬಿತು. 1773ರಲ್ಲಿ ಜೆಸುಯಿಟ್ ಸಂಘವೇ ವಿಸರ್ಜಿತವಾದ ಮೇಲೆ, ಉತ್ತರದೇಶದ ನೆಲ, ಜನ, ಆಕಾಶಗಳನ್ನು ಕುರಿತು ಅವನು ಸಂಕಲ್ಪಿಸಿದ್ದ ಮೂರು ಸಂಪುಟಗಳ ಮಹಾಗ್ರಂಥವು ಬೆಳಕು ಕಾಣಲೇ ಇಲ್ಲ. ಒಂದು ಚಳಿಗಾಲವನ್ನೆಲ್ಲ ಆ ದ್ವೀಪದಲ್ಲಿ ಕಳೆದ ವಿದ್ವಾಂಸನೊಬ್ಬನ ಬರಹವು ಹೀಗೆ ಲೋಕಕ್ಕೆ ದಕ್ಕದೆ ಹೋದುದನ್ನು ನೆನೆದಾಗ ಮನಸ್ಸಿಗೆ ಆಗುವ ಸಂಕಟ ಸಣ್ಣದಲ್ಲ.

ಹೆಲ್ಲನು 1792ರಲ್ಲಿ ತೀರಿಕೊಂಡನು, ಆರೋಪವು ತೀರಲಿಲ್ಲ. 1835ರಲ್ಲಿ ಕಾರ್ಲ್ ಲಿಟ್ರೋ ಎಂಬ ವಿಯೆನ್ನಾದ ಜ್ಯೋತಿರ್ವಿದನು ಹೆಲ್ಲನ ವಾರ್ಡೋ ದಿನಚರಿಯನ್ನು ಅಚ್ಚು ಹಾಕಿಸಿ, ಅದರಲ್ಲಿನ ಮುಖ್ಯ ಅಂಕಿಗಳನ್ನು ಬೇರೆ ಬಣ್ಣದ ಮಸಿಯಿಂದ ಆಮೇಲೆ ತಿದ್ದಲಾಗಿದೆಯೆಂದು ಸಾರಿದನು. ಸುಮಾರು ಅರ್ಧ ಶತಮಾನ ಜಗತ್ತು ಅದನ್ನು ನಂಬಿತು. 1883ರಲ್ಲಿ ಅಮೆರಿಕದ ಸೈಮನ್ ನ್ಯೂಕೂಂಬನು ವಿಯೆನ್ನಾದ ಹೊಸ ದೂರದರ್ಶಕವನ್ನು ಪರೀಕ್ಷಿಸಲು ಬಂದವನು, ಆಕಾಶ ತೆರವಾಗದ ಕಾರಣ ಆ ಹಸ್ತಪ್ರತಿಯನ್ನೇ ತರಿಸಿಕೊಂಡು ಕೂತನು. ತಿದ್ದುಪಡಿಗಳೇನೋ ಇದ್ದವು, ಆದರೆ ಕೆಲವು ಕಡೆ ಮಸಿ ಹಸಿಯಾಗಿರುವಾಗಲೇ ಬೆರಳಿನಿಂದ ಒರಸಿ ಬರೆದ ಗುರುತಿದ್ದಿತು, ಅವು ವೀಕ್ಷಣೆಯ ಸಮಯದಲ್ಲಿಯೇ, ವಾರ್ಡೋದಲ್ಲಿಯೇ ಆದ ತಿದ್ದುಪಡಿಗಳು. ಹಾಗಾದರೆ ಲಿಟ್ರೋ ಕಂಡ ಬಣ್ಣ ಯಾವುದು? ಅವನಿಗೆ ವರ್ಣಾಂಧತೆಯಿದ್ದಿತೆಂದೂ, ಕೆಂಪಗೆ ಹೊಳೆಯುವ ರೋಹಿಣಿಗೂ ಅಚ್ಚ ಬಿಳಿಯ ನಕ್ಷತ್ರಕ್ಕೂ ಭೇದವನ್ನರಿಯನೆಂದೂ ವೇಧಶಾಲೆಯ ಅಂದಿನ ನಿರ್ದೇಶಕನಾದ ವೈಸನು ತಿಳಿಸಿದನು. ಸೂರ್ಯನ ದೂರವನ್ನು ತಿಳಿಸುವ ಕೋನವಾದ ಸೂರ್ಯಲಂಬನವು ಹೆಲ್ಲನ ಗಣನೆಯಲ್ಲಿ 8.70 ವಿಕಲೆ, ಇಂದಿನ ಮಾನ 8.79.

ಮುಂದಿನ ಕಥೆಯನ್ನು ಬೇಗನೆ ಹೇಳಬಹುದು. 1789ರಲ್ಲಿ ಪಟ್ಟಣದ ಪದವಿ. ರಷ್ಯದ ಹಿಟ್ಟಿಗೆ ನಾರ್ವೆಯ ಮೀನನ್ನು ಕೊಟ್ಟುಕೊಳ್ಳುವ ಪೊಮೋರ್ ವ್ಯಾಪಾರದ ಸಮೃದ್ಧಿ, 1917ರ ಕ್ರಾಂತಿಯೊಡನೆ ಅದರ ಅವಸಾನ. ಧ್ರುವಯಾತ್ರೆಯಿಂದ 1896ರಲ್ಲಿ ಮರಳಿದ ನಾನ್ಸೆನ್ನನ ಆಗಮನ. 1944ರ ಬಾಂಬಿನ ದಾಳಿಯಲ್ಲಿ ಊರಿನ ಬಹುಭಾಗದ ನಾಶ. 1980ರ ದಶಕದ ಆದಿಯಲ್ಲಿ ಕಡಲಡಿಯಲ್ಲಿ ಕೊರೆದ, ಸುಮಾರು ಮೂರು ಕಿಲೋಮೀಟರ್ ಉದ್ದದ ಸುರಂಗ. 2011ರಲ್ಲಿ ಸ್ಟೈಲ್‌ನೆಸೆಟ್ ಎಂಬಲ್ಲಿ, ಮಾಟದ ಆರೋಪದಿಂದ ವಧೆಯಾದ 91 ಮಂದಿಯ ಸ್ಮಾರಕವೂ ಎದ್ದಿತು.

ಹೆಲ್ಲನಿಗೆ ನ್ಯಾಯ ದೊರಕಲು ನೂರಹದಿನಾಲ್ಕು ವರ್ಷ, ಆ ಹೆಂಗಸರಿಗೆ ಮುನ್ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಎರಡು ಕಡೆಯೂ ಆರೋಪ ಹೊರಿಸುವುದಕ್ಕೆ ಸಾಕ್ಷ್ಯಕ್ಕಿಂತ ಸಂಶಯವೇ ಸಾಕಾಗಿತ್ತು. ಹಳೆಯ ಕಾಗದಗಳನ್ನು ತೆರೆದು ಗತಿಸಿದವರ ಮೇಲೆ ತೀರ್ಪು ಬರೆಯಹೊರಡುವ ನಮ್ಮ ವಿದ್ವಾಂಸರು ಮೂಲವನ್ನು ಸ್ವತಃ ನೋಡಲಿ. ನೋಡಿದ್ದನ್ನು ಮತ್ತೊಬ್ಬರ ಕಣ್ಣಿಗೂ ತೋರಿಸಲಿ. ಆಮೇಲೆ ಬೇಕಾದರೆ ಲೇಖನಿಯನ್ನೆತ್ತಲಿ.