ಕ್ಲಾಟ್: ಕಾನೂನು ಓದದವರೂ ಬರೆಯಬಹುದಾದ ಕಾನೂನು ಪರೀಕ್ಷೆ

ದ್ವಿತೀಯ ಪಿಯುಸಿ ಓದುವ ಮಕ್ಕಳಿರುವ ನಮ್ಮ ಮನೆಗಳಲ್ಲಿ ಸಿಇಟಿ, ನೀಟ್, ಜೆಇಇ ಎಂಬ ಹೆಸರುಗಳು ಎಲ್ಲರಿಗೂ ಬಾಯಿಪಾಠ. ಕ್ಲಾಟ್ ಎಂದರೆ ಮಾತ್ರ ‘ಅದು ಯಾವುದು ಫಾದರ್?’ ಎಂಬ ಪ್ರಶ್ನೆ ಬರುತ್ತದೆ. ಜಾಗದ ತಕರಾರು ಬಂದಾಗ, ಸಂಘ ಸಂಸ್ಥೆಗಳ ಕಾಗದಪತ್ರದ ಕೆಲಸ ಬಿದ್ದಾಗ ವಕೀಲರನ್ನು ಹುಡುಕುವ ನಾವು, ನಮ್ಮ ಮಕ್ಕಳು ವಕೀಲರಾಗುವ ದಾರಿಯ ಬಗ್ಗೆ ಅಷ್ಟಾಗಿ ವಿಚಾರಿಸುವುದಿಲ್ಲ. ಆದುದರಿಂದ ಈ ಪರೀಕ್ಷೆಯ ಸ್ವರೂಪವನ್ನು ಇಲ್ಲಿ ವಿವರಿಸಲಾಗಿದೆ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಸೇರಿದಂತೆ ದೇಶದ ಇಪ್ಪತ್ತಕ್ಕೂ ಹೆಚ್ಚು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಪ್ರವೇಶ ಸಿಗುವುದು ಕ್ಲಾಟ್ ಮೂಲಕ. ದೆಹಲಿಯ ವಿಶ್ವವಿದ್ಯಾಲಯ ಮಾತ್ರ ಐಲೆಟ್ ಎಂಬ ತನ್ನದೇ ಪರೀಕ್ಷೆ ನಡೆಸುತ್ತದೆ. ಮೊದಲು ಒಂದೊಂದು ಕಡೆಗೂ ಬೇರೆ ಬೇರೆ ಪರೀಕ್ಷೆ ಬರೆಯಬೇಕಿತ್ತು. 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ಆರಂಭಿಸಿದವು. ಪಿಯುಸಿಯಲ್ಲಿ ಕಲಾ, ವಾಣಿಜ್ಯ, ವಿಜ್ಞಾನ ಯಾವುದನ್ನು ಓದಿದವರೂ ಬರೆಯಬಹುದು. ಸಾಮಾನ್ಯ ವರ್ಗಕ್ಕೆ ಶೇ 45, ಪರಿಶಿಷ್ಟರಿಗೆ ಶೇ 40 ಅಂಕ ಇದ್ದರೆ ಸಾಕು. ವಯಸ್ಸಿನ ಗರಿಷ್ಠ ಮಿತಿ ಇಲ್ಲ.

ಈಗಿನ ಪತ್ರಿಕೆ 2 ಗಂಟೆಯದು, 120 ಪ್ರಶ್ನೆ, 120 ಅಂಕ. ಹಿಂದೆ 200 ಪ್ರಶ್ನೆಗಳಿದ್ದವು. 2020ರಲ್ಲಿ 150 ಆದವು. 2023ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯಿಂದ 120 ಆಗಿವೆ. ಅಣ್ಣ ಅಕ್ಕಂದಿರು ಬಳಸಿದ ಹಳೆಯ ಗೈಡ್ ಪುಸ್ತಕವನ್ನೇ ನಂಬಿ ಕುಳಿತವರು ಇದನ್ನು ಗಮನಿಸಬೇಕು. 2020ರ ಬದಲಾವಣೆ ಸಂಖ್ಯೆಯದ್ದಷ್ಟೇ ಅಲ್ಲ. ಅಂದಿನಿಂದ ಬಿಡಿ ಪ್ರಶ್ನೆಗಳು ಹೋಗಿ, ಒಂದು ಗದ್ಯಭಾಗ ಕೊಟ್ಟು ಅದರ ಮೇಲೆ ಕೆಲವು ಪ್ರಶ್ನೆ ಕೇಳುವ ಕ್ರಮ ಬಂದಿದೆ. ಒಂದು ಗದ್ಯಭಾಗ ಸುಮಾರು 450 ಪದಗಳವರೆಗೆ ಇರುತ್ತದೆ. ಪ್ರಶ್ನೆಗೆ ಒಂದು ನಿಮಿಷವೆಂದು ಲೆಕ್ಕ ಹಾಕಿದರೆ, ಓದುವ ಸಮಯವೂ ಆ ನಿಮಿಷದೊಳಗೇ ಬರಬೇಕು. ಹಾಗಾಗಿ ಇದು ಮೊದಲನೆಯದಾಗಿ ಓದುವ ವೇಗದ ಪರೀಕ್ಷೆ. ಅದೂ ಇಂಗ್ಲಿಷಿನಲ್ಲಿ ಮಾತ್ರ. ಕನ್ನಡ ಮಾಧ್ಯಮದ ನಮ್ಮ ಮಕ್ಕಳಿಗೆ ಕಷ್ಟವಾಗುವುದು ಇಲ್ಲಿಯೇ. ಕೊನೆಯ ಮೂರು ತಿಂಗಳ ತರಬೇತಿಯಿಂದ ಈ ಕೊರತೆ ತುಂಬುವುದಿಲ್ಲ. ಪ್ರಥಮ ಪಿಯುಸಿಯಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದಿ, ಅದರ ಸಾರವನ್ನು ನಾಲ್ಕು ಸಾಲು ಬರೆಯುವ ಅಭ್ಯಾಸವಾದರೆ ತುಂಬುತ್ತದೆ.

ಪತ್ರಿಕೆಯಲ್ಲಿ ಐದು ವಿಭಾಗಗಳಿವೆ. ಪ್ರಚಲಿತ ವಿದ್ಯಮಾನ ಮತ್ತು ಕಾನೂನು ತರ್ಕಕ್ಕೆ ತಲಾ 28ರಿಂದ 32 ಪ್ರಶ್ನೆ, ಇಂಗ್ಲಿಷ್ ಮತ್ತು ತಾರ್ಕಿಕ ವಿವೇಚನೆಗೆ ತಲಾ 22ರಿಂದ 26, ಗಣಿತಕ್ಕೆ 10ರಿಂದ 14. ಗಣಿತ ಹತ್ತನೆಯ ತರಗತಿಯ ಮಟ್ಟದ್ದು. ಶೇಕಡಾವಾರು, ಅನುಪಾತ, ಕೋಷ್ಟಕ ಓದುವುದು ಬಂದರೆ ಸಾಕು. ಪ್ರಚಲಿತ ವಿದ್ಯಮಾನದಲ್ಲಿ ಗದ್ಯಭಾಗ ಇದ್ದರೂ ಉತ್ತರ ಅದರಲ್ಲಿ ಸಿಗದಿರಬಹುದು, ಹೊರಗಿನಿಂದ ತಿಳಿದಿರಬೇಕಾಗುತ್ತದೆ.

ಕಾನೂನು ತರ್ಕ ಎಂದೊಡನೆ ಮಕ್ಕಳು ಹೆದರುತ್ತಾರೆ. ಇಲ್ಲಿ ಕಾನೂನಿನ ಪೂರ್ವಜ್ಞಾನ ಬೇಕಿಲ್ಲ. ನಿಯಮವನ್ನು ಅವರೇ ಕೊಡುತ್ತಾರೆ, ಘಟನೆಗೆ ಅನ್ವಯಿಸುವುದಷ್ಟೇ ನಮ್ಮ ಕೆಲಸ. ಉದಾಹರಣೆಗೆ, ಇನ್ನೊಬ್ಬರ ಸ್ವಾಧೀನದಲ್ಲಿರುವ ವಸ್ತುವನ್ನು ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ತೆಗೆದುಕೊಂಡು ಹೋಗುವುದು ಕಳವು ಎಂದು ಗದ್ಯಭಾಗ ಹೇಳುತ್ತದೆ ಎಂದುಕೊಳ್ಳಿ. ಮಳೆಗಾಲದ ಒಂದು ಭಾನುವಾರ ಬಲಿಪೂಜೆ ಮುಗಿಸಿ ಹೊರಬಂದವರೊಬ್ಬರು ಚರ್ಚಿನ ಬಾಗಿಲ ಬಳಿಯ ಕಪ್ಪು ಕೊಡೆಗಳಲ್ಲಿ ಒಂದನ್ನು ತನ್ನದೆಂದೇ ನಂಬಿ ಕೊಂಡುಹೋದರು. ಕೊಡೆ ಬೇರೆಯವರದ್ದು. ಇದು ಕಳವೇ? ಒಪ್ಪಿಗೆ ಇರಲಿಲ್ಲ ನಿಜ, ಆದರೆ ಅಪ್ರಾಮಾಣಿಕ ಉದ್ದೇಶವೂ ಇರಲಿಲ್ಲ. ಆದ್ದರಿಂದ ಕಳವಲ್ಲ. ಮನೆಯಲ್ಲಿ ವಿಷಯ ತಿಳಿದ ಮೇಲೂ ಹಿಂದೆ ಕೊಡಲಿಲ್ಲ ಎಂದು ಪ್ರಶ್ನೆ ಮುಂದುವರಿದರೆ, ಅದಕ್ಕೆ ಬೇರೆ ನಿಯಮ ಗದ್ಯಭಾಗದಲ್ಲಿದೆಯೇ ಎಂದು ಹುಡುಕಬೇಕು. ಪಾಪನಿವೇದನೆಯಲ್ಲಿ ಇದಕ್ಕೆ ಬೇರೆ ಉತ್ತರ ಸಿಕ್ಕೀತು, ಆದರೆ ಪರೀಕ್ಷೆ ಅದನ್ನು ಕೇಳುತ್ತಿಲ್ಲ. ಜಾಣ ಮಕ್ಕಳೂ ಅಂಕ ಕಳೆದುಕೊಳ್ಳುವುದು ಹೀಗೆ, ಕೊಟ್ಟ ನಿಯಮವನ್ನು ಬಿಟ್ಟು ತಮಗೆ ನ್ಯಾಯವೆನಿಸಿದ್ದನ್ನು ಗುರುತು ಮಾಡುವುದರಿಂದ. ಇಬ್ಬರಿಗೆ ಸಮಾನ ಅಂಕ ಬಂದರೆ ಮೊದಲು ನೋಡುವುದೂ ಈ ವಿಭಾಗದ ಅಂಕವನ್ನೇ.

ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿದೆ. 80 ಸರಿ ಬರೆದು ಉಳಿದ 40ನ್ನು ತಪ್ಪಾಗಿ ಬರೆದವರಿಗೆ 70 ಅಂಕ. ಆ 40ನ್ನು ಖಾಲಿ ಬಿಟ್ಟವರಿಗೆ 80. ಹಾಗೆಂದು ಪೂರ್ತಿ ಹೆದರುವುದೂ ಬೇಡ. ನಾಲ್ಕು ಆಯ್ಕೆಗಳಲ್ಲಿ ಎರಡು ಖಂಡಿತ ತಪ್ಪೆಂದು ಗೊತ್ತಾದರೆ, ಉಳಿದೆರಡರಲ್ಲಿ ಒಂದನ್ನು ಊಹಿಸುವುದು ಲೆಕ್ಕಪ್ರಕಾರ ಲಾಭವೇ. ಉತ್ತರ ಗುರುತಿಸುವುದು ಓಎಂಆರ್ ಹಾಳೆಯಲ್ಲಿ ಪೆನ್ನಿನಿಂದ, ಅಳಿಸಲಾಗದು.

ಅರ್ಜಿಯ ವಿಷಯದಲ್ಲಿ ಪಾಲಕರು ಎಚ್ಚರದಿಂದಿರಬೇಕು. ಪರೀಕ್ಷೆ ಡಿಸೆಂಬರ್‌ನಲ್ಲಿ, ಪಿಯುಸಿ ಪರೀಕ್ಷೆಗೂ ಮೊದಲೇ ನಡೆಯುತ್ತದೆ. 2025ರ ಡಿಸೆಂಬರ್ 7ರ ಪರೀಕ್ಷೆಗೆ ಆಗಸ್ಟ್‌ನಲ್ಲೇ ಅರ್ಜಿ ಆರಂಭವಾಗಿತ್ತು. ಪಿಯುಸಿ ಫಲಿತಾಂಶದ ನಂತರ ವಿಚಾರಿಸಿದರೆ ಒಂದು ವರ್ಷ ಹೋದಂತೆಯೇ. ಆ ಸಾಲಿನ ಶುಲ್ಕ 4,000 ರೂಪಾಯಿ, ಪರಿಶಿಷ್ಟರಿಗೆ ಮತ್ತು ಬಡತನ ರೇಖೆಗಿಂತ ಕೆಳಗಿನವರಿಗೆ 3,500. ಬೆಂಗಳೂರಿನ ಲಾ ಸ್ಕೂಲಿನಲ್ಲಿ, ಕರ್ನಾಟಕದಲ್ಲಿ ಕನಿಷ್ಠ 10 ವರ್ಷ ಓದಿದವರಿಗೆ ಶೇ 25 ಮೀಸಲಾತಿ ಇದೆ. ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಲು ಮರೆಯಬಾರದು. ಹಳೆಯ ಪ್ರಶ್ನೆಪತ್ರಿಕೆಗಳು ಪರೀಕ್ಷೆ ನಡೆಸುವ ಒಕ್ಕೂಟದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವೈಸಿಎಸ್ ಮತ್ತು ಐಸಿವೈಎಂ ಘಟಕಗಳ ಸಚೇತಕರು ಅವನ್ನು ಮುದ್ರಿಸಿ, ತಿಂಗಳಿಗೊಮ್ಮೆ ಚರ್ಚ್ ಸಭಾಂಗಣದಲ್ಲಿ ಗಡಿಯಾರ ಇಟ್ಟು ಬರೆಸಿದರೆ ದುಬಾರಿ ತರಬೇತಿಗೆ ಹೋಗಲಾಗದ ಮಕ್ಕಳಿಗೆ ದೊಡ್ಡ ಉಪಕಾರವಾಗುತ್ತದೆ.

ಕ್ಲಾಟ್‌ನಲ್ಲಿ ಸೀಟು ಸಿಗದಿದ್ದರೆ, ಅಥವಾ ಅಲ್ಲಿನ ವರ್ಷಕ್ಕೆ ಲಕ್ಷಗಟ್ಟಲೆಯ ಶುಲ್ಕ ಭರಿಸಲಾಗದಿದ್ದರೆ, ಮಂಗಳೂರಿನ ಎಸ್‌ಡಿಎಂ ಮತ್ತು ಉಡುಪಿಯ ವೈಕುಂಠ ಬಾಳಿಗಾ ಕಾನೂನು ಕಾಲೇಜುಗಳಿಗೆ ಈ ಪರೀಕ್ಷೆಯ ಅಗತ್ಯವಿಲ್ಲ. ವಕೀಲರ ಪರಿಷತ್ತಿನ ನೋಂದಣಿಗೆ ಎರಡೂ ಪದವಿ ಒಂದೇ.

2022ರಿಂದ 2025ರವರೆಗಿನ ನಾಲ್ಕೂ ಡಿಸೆಂಬರ್ ಪರೀಕ್ಷೆಗಳು ಆಗಮನ ಕಾಲದ ಭಾನುವಾರಗಳಂದೇ ಬಿದ್ದಿವೆ. ಪರೀಕ್ಷೆ ಮಧ್ಯಾಹ್ನ 2 ಗಂಟೆಗೆ. ಬೆಳಗಿನ ಪೂಜೆಗೆ ಬಂದು ಹೋಗಲು ಸಮಯವಿದೆ.