ಉಂಗುರ ಕಳೆದುಕೊಂಡ ಚಿಟ್ಟೆ

ಕಳೆದ ವರ್ಷ ಬಿ.ಎಸ್ಸಿ ಮುಗಿಸಿ ಊರಿಗೆ ಬಂದಾಗ ಕೈಯಲ್ಲಿ ಅಂಕಪಟ್ಟಿ ಇತ್ತು, ಕೆಲಸ ಇರಲಿಲ್ಲ. ಬೆಳಿಗ್ಗೆ ಶಿಕಾರಿಪುರದ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದು. ಮಧ್ಯಾಹ್ನ ಶಿರಾಳಕೊಪ್ಪದ ಮೇಲೆ ಸೊರಬದ ಕಡೆ ಹೋಗುವ ಬಸ್ಸು. ಬಸ್ಸಿಳಿದು ಮನೆಗೆ ಹೋಗುವ ದಾರಿಯಲ್ಲೊಂದು ಗೋಮಾಳವಿದೆ. ‘ಕೆಲಸ ಏನಾಯ್ತು?’ ಎನ್ನುವವರಿಂದ ತಪ್ಪಿಸಿಕೊಳ್ಳಲು ಅಲ್ಲಿ ಅರ್ಧ ಗಂಟೆ ಕೂರುವುದು ರೂಢಿಯಾಯಿತು.

ಜುಲೈನಲ್ಲಿ ಒಂದು ದಿನ ಮಳೆ ಹೊಳವಾದಾಗ ಹುಲ್ಲಿನ ಮೇಲೆ ಕುಪ್ಪಳಿಸಿದಂತೆ ಹಾರುವ ಕಂದು ಚಿಟ್ಟೆಗಳು ಕಂಡವು. ಕೂತಾಗ ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಹಳದಿ ಅಂಚಿನ ನಾಲ್ಕು ಉಂಗುರ. ಹೆಸರು ಕಾಮನ್ ಫೋರ್ ರಿಂಗ್. ಇದರ ಹುಳುವಿಗೆ ಹುಲ್ಲೇ ಆಹಾರ. ಅಂದಿನಿಂದ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ದಿನಾಂಕ, ಎಣಿಕೆ ಬರೆಯತೊಡಗಿದೆ.

ಡಿಸೆಂಬರ್ ಹೊತ್ತಿಗೆ ಹುಲ್ಲು ಒಣಗಿತು. ಚಿಟ್ಟೆಗಳಿದ್ದವು, ಉಂಗುರಗಳಿರಲಿಲ್ಲ! ಆ ಜಾಗದಲ್ಲಿ ಬರೀ ಚುಕ್ಕಿ. ಬೇರೆ ಜಾತಿ ಇರಬೇಕೆಂದುಕೊಂಡೆ. ಓದಿದಾಗ ತಿಳಿಯಿತು, ಅದೇ ಚಿಟ್ಟೆಯ ಬೇಸಿಗೆ ರೂಪ. ಹಸಿರಿನ ಕಾಲದಲ್ಲಿ ಹಕ್ಕಿ, ಹಲ್ಲಿಗಳು ತಲೆ ಬಿಟ್ಟು ರೆಕ್ಕೆಯಂಚಿನ ಹುಸಿಗಣ್ಣನ್ನು ಕುಕ್ಕಿದರೆ ಚಿಟ್ಟೆಗೆ ಜೀವ ಉಳಿಯುತ್ತದೆ. ಒಣಹುಲ್ಲಿನ ಕಾಲದಲ್ಲಿ ಕಾಣದಂತೆ ಕೂರುವುದೇ ಉಪಾಯ. ಇದೇ ಕುಟುಂಬದ ಆಫ್ರಿಕಾದ ಬೈಸೈಕ್ಲಸ್ ಚಿಟ್ಟೆಯ ಮೇಲಿನ ಪ್ರಯೋಗಗಳ ಪ್ರಕಾರ, ಹುಳು ಬೆಳೆಯುವಾಗಿನ ತಾಪಮಾನವೇ ರೆಕ್ಕೆಯ ಕಣ್ಣು ದೊಡ್ಡದೋ ಚಿಕ್ಕದೋ ಎಂದು ತೀರ್ಮಾನಿಸುತ್ತದೆ.

ಮಾರ್ಚ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಗೋಮಾಳದ ಬಹುಪಾಲು ಸುಟ್ಟುಹೋಯಿತು. ಅದೇ ವಾರ ಬಂದ ಆಯ್ಕೆಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ. ನೋಟ್‌ಬುಕ್ ಮುಚ್ಚಿಟ್ಟೆ. ಬಸ್ಸಿಳಿದರೆ ತಲೆ ತಗ್ಗಿಸಿ ನೇರ ಮನೆಗೆ ನಡೆದುಬಿಡುತ್ತಿದ್ದೆ.

ಜೂನ್ ಮಳೆಗೆ ಕರಿನೆಲದಲ್ಲಿ ಹುಲ್ಲು ಚಿಗುರಿತು. ಒಂದು ಮಧ್ಯಾಹ್ನ ಸುಡದೆ ಉಳಿದಿದ್ದ ಬೇಲಿಯಂಚಿನಲ್ಲಿ ಮೂರು ಚಿಟ್ಟೆ ಕಂಡವು. ಮೂರಕ್ಕೂ ಉಂಗುರವಿತ್ತು. ಮನೆಗೆ ಹೋಗಿ ಮೊದಲು ನೋಟ್‌ಬುಕ್ ಹುಡುಕಿದೆ, ಆಮೇಲೆ ಮುಂದಿನ ಪರೀಕ್ಷೆಗೆ ಅರ್ಜಿ ಹಾಕಿದೆ. ಬೇಲಿಯಂಚಿನ ಹುಲ್ಲನ್ನು ಈ ಬೇಸಿಗೆಯಲ್ಲಾದರೂ ಸುಡದಿರುವಂತೆ ಅಕ್ಕಪಕ್ಕದವರನ್ನು ಕೇಳಿಕೊಂಡಿದ್ದೇನೆ.

ನಿಮ್ಮ ಹಾಸ್ಟೆಲ್ ಹಿಂದೆಯೂ ಒಂದಿಷ್ಟು ಹುಲ್ಲಿರಬಹುದು. ರೆಕ್ಕೆ ಮಡಚಿ ಕೂತಾಗ ಮೊಬೈಲ್‌ನಲ್ಲಿ ಒಂದು ಚಿತ್ರ ತೆಗೆಯಿರಿ, ದಿನಾಂಕ ಬರೆದಿಡಿ. ಒಂದು ವರ್ಷ ಬಿಡದೆ ಮಾಡಿ. ಇದಕ್ಕೆ ಅರ್ಜಿ ಶುಲ್ಕವಿಲ್ಲ, ವಯೋಮಿತಿಯೂ ಇಲ್ಲ.

ಕೆಲಸ ಇನ್ನೂ ಸಿಕ್ಕಿಲ್ಲ. ‘ಏನಾಯ್ತು?’ ಎಂದು ಕೇಳಿದವರಿಗೆ ‘ಸದ್ಯ ಬೇಸಿಗೆ’ ಎನ್ನುತ್ತೇನೆ. ಅವರಿಗೆ ಅರ್ಥವಾಗುವುದಿಲ್ಲ, ನನಗೆ ಆಗುತ್ತದೆ.